ಅಕ್ಕನ ಅಡಿಗೆಮನೆ

ಅಡಿಗೆಗೆ ಕೈಹದ ಬೇಕು, ನಾಲಗೆಯ ರುಚಿ ಬೇಕು, ತಾಳ್ಮೆ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಬುದ್ಧಿ ಬೇಕೆಂದು ಹೇಳುವವರನ್ನು ನಾನು ಕಂಡುದು ಕಡಮೆ. ಬಹುಕಾಲ ನಾನೂ ಅದೇ ಗುಂಪಿಗೆ ಸೇರಿದವನಾಗಿದ್ದೆ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತವನ್ನು ಬೋಧಿಸಿದವನಾದುದರಿಂದ, ಬುದ್ಧಿಯೆಂಬುದು ಕಪ್ಪುಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಲ್ಲುವ ಪದಾರ್ಥವೆಂದೂ, ಒಲೆಯ ಮುಂದೆ ಅದಕ್ಕೆ ಹೆಚ್ಚು ಕೆಲಸವಿಲ್ಲವೆಂದೂ ನಂಬಿದ್ದೆ. ಈ ಭ್ರಾಂತಿಯನ್ನು ಬಿಡಿಸಿದವಳು ನನ್ನ ಅಕ್ಕ. ಅವಳ ಅಡಿಗೆಯನ್ನು ಐವತ್ತು ವರ್ಷ ಉಂಡರೂ ಬಿಡದಿದ್ದ ಭ್ರಾಂತಿ, ಅವಳಿಗೆ ಅಡಿಗೆ ಮಾಡಲಾಗದೆ ಹೋದ ಒಂದು ವರ್ಷದಲ್ಲಿ ಬಿಟ್ಟಿತು.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ನಮ್ಮ ತಾಯಿ ತೀರಿಕೊಂಡಾಗ ನನಗೆ ಏಳು, ಅವಳಿಗೆ ಹದಿನಾರು. ಅಂದಿನಿಂದ ಒಲೆ ಅವಳದಾಯಿತು. ಮದುವೆಯಾಗಿ ಹೋದಳು; ಭಾವನವರು ಅಕಾಲದಲ್ಲಿ ಗತಿಸಿದ ಮೇಲೆ ಹಾಸನದ ನಮ್ಮ ಮನೆಗೇ ಹಿಂದಿರುಗಿದಳು; ಒಲೆ ಮತ್ತೆ ಅವಳದಾಯಿತು. ಗೌರಿಹಬ್ಬದ ದಿನ ನಮ್ಮಲ್ಲಿ ನಲವತ್ತು ಎಲೆ ಬೀಳುವ ಪದ್ಧತಿ. ಹನ್ನೆರಡೂವರೆಗೆ ಎಲೆ ಹಾಕಿದರೆ ಅನ್ನದಲ್ಲಿ ಹಬೆಯಾಡುತ್ತಿರಬೇಕು, ಹುಳಿ ಕುದಿ ಇಳಿದು ಹದಕ್ಕೆ ಬಂದಿರಬೇಕು, ಆಂಬೊಡೆ ಗರಿಗರಿಯಾಗಿರಬೇಕು, ಕೋಸಂಬರಿಗೆ ಉಪ್ಪು ಬಿದ್ದಿರಬೇಕು, ಆದರೆ ನೀರೊಡೆದಿರಬಾರದು. ಇವೆಲ್ಲವೂ ಒಂದೇ ಗಳಿಗೆಗೆ ಬಂದು ಸೇರಬೇಕಾದರೆ ಯಾವುದನ್ನು ಎಷ್ಟು ಮುಂಚೆ ತೊಡಗಬೇಕು, ಯಾವುದನ್ನು ನಡುವೆ ಬಿಟ್ಟು ಯಾವುದಕ್ಕೆ ಕೈಹಾಕಬೇಕು, ಹಾಲು ಒಡೆದರೆ ಅಥವಾ ನೆಂಟರು ನಾಲ್ವರು ಹೆಚ್ಚಿಗೆ ಬಂದರೆ ಏನು ಮಾಡಬೇಕು ಎಂಬುದನ್ನೆಲ್ಲ ಕಾಗದದ ಮೇಲೆ ಬರೆದಿದ್ದರೆ ನನ್ನ ಹತ್ತನೆಯ ತರಗತಿಯ ಹುಡುಗರು ಬೆವರುವಂಥ ಲೆಕ್ಕವಾಗುತ್ತಿತ್ತು. ಅಕ್ಕ ಅದನ್ನು ದೇವರನಾಮ ಗುನುಗುತ್ತ ಮಾಡುತ್ತಿದ್ದಳು. ನಾವು ಉಂಡು, ‘ಅಕ್ಕನ ಕೈಹದವೇ ಹದ’ ಎಂದು ಎದ್ದು ಹೋಗುತ್ತಿದ್ದೆವು.

೨೦೧೮ರಲ್ಲಿ ಅವಳು ಮಂಕಾಗತೊಡಗಿದಳು. ಬೆಳಗ್ಗೆ ತಲೆನೋವು, ಮಾತು ಕಡಮೆ, ಒಮ್ಮೆ ತಂದಿದ್ದ ಬೆಲ್ಲವನ್ನೇ ಮತ್ತೊಮ್ಮೆ ತರಿಸುವುದು, ಒಲೆಯ ಮೇಲೆ ಪಾತ್ರೆಯಿಟ್ಟು ನಡುಮನೆಗೆ ಬಂದು ಕುಳಿತುಬಿಡುವುದು. ಅರವತ್ತೆಂಟು ದಾಟಿದವಳು, ವಯಸ್ಸಿನ ಧರ್ಮವೆಂದು ನಾವು ಸಮಾಧಾನ ಮಾಡಿಕೊಂಡೆವು. ೨೦೧೯ರ ಜನವರಿಯಲ್ಲಿ ಒಂದು ಮುಂಜಾನೆ ಬಚ್ಚಲಮನೆಯ ಬಾಗಿಲಲ್ಲಿ ಮೂರ್ಛೆ ಬಂದು ಬಿದ್ದಳು. ಆಮೇಲೆ ಬೆಂಗಳೂರು, ಸ್ಕ್ಯಾನು, ದೊಡ್ಡ ಆಸ್ಪತ್ರೆ. ಹಣೆಯ ಹಿಂದೆ, ಮಿದುಳನ್ನು ಮುಂಭಾಗದಲ್ಲಿ ಒತ್ತಿಕೊಂಡು, ನಿಂಬೆಹಣ್ಣಿಗಿಂತ ದೊಡ್ಡದಾದ ಒಂದು ಗಡ್ಡೆ ಬೆಳೆದಿತ್ತು. ಮಿದುಳನ್ನು ಹೊದೆದಿರುವ ಪೊರೆಯಿಂದ ಹುಟ್ಟುವ ಈ ಬಗೆಯ ಗಡ್ಡೆಗೆ ಮೆನಿಂಜಿಯೋಮ ಎಂಬ ಹೆಸರನ್ನು ಅಮೆರಿಕದ ಶಸ್ತ್ರವೈದ್ಯರಾದ ಹಾರ್ವೆ ಕುಶಿಂಗ್ ೧೯೨೨ರಲ್ಲಿ ಬಳಕೆಗೆ ತಂದರು. ಇವುಗಳಲ್ಲಿ ಹೆಚ್ಚಿನವು ಕ್ಯಾನ್ಸರಿನ ಜಾತಿಯವಲ್ಲ. ಬಹು ನಿಧಾನವಾಗಿ ಬೆಳೆಯುತ್ತವೆ. ನಿಧಾನವಾಗಿ ಬೆಳೆಯುವುದರಿಂದಲೇ ಮನೆಯವರ ಕಣ್ಣಿಗೆ ಬೀಳುವುದಿಲ್ಲ.

ಶಸ್ತ್ರಕ್ರಿಯೆ ಐದು ಗಂಟೆಗೂ ಮೀರಿ ನಡೆಯಿತು. ವೈದ್ಯರು ಹೊರಗೆ ಬಂದು, ‘ಗಡ್ಡೆ ಪೂರ್ತಿ ಹೋಯಿತು’ ಎಂದಾಗ ನಾನು ಅವರ ಕಾಲು ಮುಟ್ಟಲು ಹೋದೆ, ಅವರು ಬಿಡಲಿಲ್ಲ. ಹತ್ತನೆಯ ದಿನ ಮನೆಗೆ ಕಳುಹಿಸಿದರು. ಗಾಯಕ್ಕೆ ನೀರು ತಾಗಿಸಬೇಡಿ, ಮೂರ್ಛೆಯ ಮಾತ್ರೆ ತಪ್ಪಿಸಬೇಡಿ, ಮೂರು ತಿಂಗಳಿಗೆ ಸ್ಕ್ಯಾನ್ ಮಾಡಿಸಿ ಎಂದು ಕಾಗದದಲ್ಲಿ ಬರೆದಿತ್ತು. ಗಡ್ಡೆ ಹೋದ ಜಾಗದಲ್ಲಿ ಉಳಿದ ಮಿದುಳು ಇನ್ನು ಹೇಗೆ ಕೆಲಸ ಮಾಡೀತು ಎಂಬುದನ್ನು ಕಾಗದವೂ ಹೇಳಲಿಲ್ಲ, ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಬೇಕೆಂದು ತಿಳಿದಿದ್ದರಲ್ಲವೆ ಕೇಳುವುದು?

ಮನೆಗೆ ಬಂದ ಅಕ್ಕ ನೋಡುವುದಕ್ಕೆ ಚೆನ್ನಾಗಿಯೇ ಇದ್ದಳು. ಕೈಕಾಲುಗಳಲ್ಲಿ ಶಕ್ತಿಯಿತ್ತು, ಮಾತು ಸ್ಪಷ್ಟವಾಗಿತ್ತು. ನಮ್ಮ ತಾಯಿಯ ಕಾಲದ ಸಂಗತಿಗಳನ್ನು ಕೇಳಿದರೆ ತಿಥಿವಾರ ಸಹಿತ ಹೇಳುತ್ತಿದ್ದಳು. ಹುಳಿಯ ಪುಡಿಗೆ ಏನೇನು ಎಷ್ಟೆಷ್ಟು ಎಂದರೆ ತಡವರಿಸದೆ ಒಪ್ಪಿಸುತ್ತಿದ್ದಳು. ಆದರೆ ಹುಳಿ ಮಾಡುತ್ತಿರಲಿಲ್ಲ. ಬೆಳಗ್ಗೆ ಎದ್ದು ಮಂಚದ ತುದಿಯಲ್ಲಿ ಕುಳಿತರೆ, ‘ಮುಖ ತೊಳೆದುಕೊ’ ಎನ್ನುವ ತನಕ ಹಾಗೆಯೇ ಕುಳಿತಿರುವಳು. ಹೇಳಿದರೆ ಎಲ್ಲವನ್ನೂ ಮಾಡುವಳು. ಹೇಳದಿದ್ದರೆ ಏನನ್ನೂ ಮಾಡಳು. ನೋಡಲು ಬಂದ ಬಂಧುಗಳಲ್ಲಿ ಒಬ್ಬರು ಇದನ್ನು ವೈರಾಗ್ಯವೆಂದರು, ಒಬ್ಬರು ದೃಷ್ಟಿಯೆಂದರು. ಇನ್ನೊಬ್ಬರು ಹೋಗುವಾಗ ಹೊಸ್ತಿಲ ಬಳಿ ದನಿ ತಗ್ಗಿಸಿ, ‘ಸೇವೆ ಮಾಡಿಸಿಕೊಂಡು ರೂಢಿಯಾಗಿದೆ’ ಎಂದರು. ಆ ಮೂರನೆಯ ಮಾತು ನನ್ನ ಮನಸ್ಸಿನಲ್ಲಿ ಎಲ್ಲಿಯೋ ಬೇರೂರಿತು.

ಆ ವರ್ಷದ ಗೌರಿಹಬ್ಬದಂದು ನನ್ನ ಮನೆಯಾಕೆ ನಸುಕಿನಲ್ಲೆದ್ದು ಒಬ್ಬಳೇ ಒದ್ದಾಡುತ್ತಿದ್ದಳು. ಒಲೆಯ ಮೇಲೆ ಪಾಯಸವಿಟ್ಟು, ‘ಅಕ್ಕ, ಇದನ್ನೊಂದು ನೋಡಿಕೊಳ್ಳಿ’ ಎಂದು ಹೇಳಿ ಹೂ ತರಲು ಹೋದಳು. ಅಕ್ಕ ನೋಡಿದಳು. ಪಾಯಸ ತಳ ಹಿಡಿಯುವುದನ್ನು ನೋಡಿದಳು, ಹೊಗೆಯೇಳುವುದನ್ನು ನೋಡಿದಳು, ಸೌಟು ಕೈಯಲ್ಲಿಯೇ ಇತ್ತು. ನಾನು ವಾಸನೆ ಹಿಡಿದು ಒಳಗೆ ಓಡಿದವನು, ನೆಂಟರೆಲ್ಲರ ಕಿವಿಗೆ ಬೀಳುವಂತೆ, ‘ನಿನಗೆ ಈ ಮನೆಯ ಮೇಲೆ ಮನಸ್ಸೇ ಇಲ್ಲವಾಯಿತು ಅಕ್ಕ, ಕೂತು ಉಣ್ಣುವುದೊಂದು ಅಭ್ಯಾಸವಾಗಿಬಿಟ್ಟಿತು’ ಎಂದುಬಿಟ್ಟೆ. ಏಳು ವರ್ಷದವನಿಗೆ ತುತ್ತು ಮಾಡಿ ತಿನ್ನಿಸಿದವಳಿಗೆ ಆಡಿದ ಮಾತು ಅದು. ಅವಳು ಸಿಟ್ಟಾಗಲಿಲ್ಲ, ಅಳಲಿಲ್ಲ. ‘ಹಾಗಿದ್ದರೂ ಇದ್ದೀತು ಕಣೋ’ ಎಂದಳು. ಸಿಟ್ಟಾಗಿದ್ದರೆ ನಾನು ಆ ರಾತ್ರಿ ನಿದ್ದೆ ಮಾಡುತ್ತಿದ್ದೆನೋ ಏನೋ.

ಮುಂದಿನ ತಿಂಗಳು ಬೆಂಗಳೂರಿನಲ್ಲಿ ಬೇರೊಬ್ಬ ನರವೈದ್ಯರು ನಮ್ಮ ದೂರನ್ನು ಕೇಳಿ, ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿಗೆ ಕಳುಹಿಸಿದರು. ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಆ ಹೆಣ್ಣುಮಗಳು ಎರಡು ದಿನ ಅಕ್ಕನಿಗೆ ಪರೀಕ್ಷೆಗಳನ್ನು ಕೊಟ್ಟರು: ಪದಗಳ ಪಟ್ಟಿಯನ್ನು ಕೇಳಿ ನೆನಪಿಟ್ಟುಕೊಳ್ಳುವುದು, ಅಕ್ಷರಗಳ ಸಾಲಿನಲ್ಲಿ ಒಂದನ್ನೇ ಹುಡುಕಿ ಹೊಡೆದುಹಾಕುವುದು, ಒಂದು ನಿಮಿಷದಲ್ಲಿ ಸಾಧ್ಯವಾದಷ್ಟು ಪ್ರಾಣಿಗಳ ಹೆಸರು ಹೇಳುವುದು, ಮಣಿಗಳನ್ನು ಒಂದು ಗೂಟದಿಂದ ಇನ್ನೊಂದಕ್ಕೆ ನಿಯಮ ತಪ್ಪದೆ ಸಾಗಿಸುವುದು. ಆಮೇಲೆ ನನ್ನನ್ನು ಕೂರಿಸಿಕೊಂಡು ಹೇಳಿದರು: ‘ಕೆಲಸದ ಮಣಿಗಳೆಲ್ಲ ಇವರಲ್ಲಿವೆ ಮೇಷ್ಟ್ರೇ, ಪೋಣಿಸುವ ದಾರ ಸಡಿಲವಾಗಿದೆ. ಮನಸ್ಸಿಲ್ಲವೆನ್ನಬೇಡಿ. ತಾನಾಗಿ ತೊಡಗುವುದು, ಮುಂದಿನದನ್ನು ಯೋಚಿಸುವುದು, ತಪ್ಪಾದರೆ ದಾರಿ ಬದಲಿಸುವುದು, ಇವು ಮಿದುಳಿನ ಮುಂಭಾಗದ ಕೆಲಸಗಳು. ಅಲ್ಲಿಯೇ ಪೆಟ್ಟಾಗಿದೆ.’

ಆಮೇಲೆ ನಾನು ಈ ವಿಷಯವನ್ನು ಓದತೊಡಗಿದೆ. ಓದುತ್ತಿದ್ದಾಗ ಒಂದು ಸಂಗತಿ ಎದುರಾಯಿತು. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಪ್ರಸಿದ್ಧ ಶಸ್ತ್ರವೈದ್ಯರಿದ್ದರು. ಅಲ್ಲಿ ೧೯೩೪ರಲ್ಲಿ ನರವಿಜ್ಞಾನ ಸಂಸ್ಥೆಯನ್ನು ತೆರೆದವರು ಅವರೇ. ೧೯೨೮ರ ಡಿಸೆಂಬರಿನಲ್ಲಿ ಅವರು ತಮ್ಮ ಸ್ವಂತ ಅಕ್ಕನಾದ ರೂತ್ ಎಂಬಾಕೆಗೆ ಶಸ್ತ್ರಕ್ರಿಯೆ ಮಾಡಬೇಕಾಯಿತು. ಆಕೆಯ ಮಿದುಳಿನ ಮುಂಭಾಗದಲ್ಲಿ, ಬಲಗಡೆ, ಗಡ್ಡೆಯಿತ್ತು. ಅದು ಕೆಟ್ಟ ಜಾತಿಯದು. ಗಡ್ಡೆಯೊಡನೆ ಮಿದುಳಿನ ಆ ಭಾಗದ ಬಹ್ವಂಶವನ್ನೂ ತೆಗೆದರು. ಆಕೆ ಚೇತರಿಸಿಕೊಂಡು ಮನೆಗೆ ಹೋದಳು. ಒಂದು ವರ್ಷ ಕಳೆದು ಕೆಲವು ತಿಂಗಳಾದ ಮೇಲೆ, ತಮ್ಮನಿಗೂ ಮನೆಯವರಿಗೂ ಊಟ ಹಾಕಬೇಕೆಂದು ಆಕೆ ಸಂತೋಷದಿಂದ ತೊಡಗಿದಳು. ಇಡೀ ದಿನ ಅವಕಾಶವಿತ್ತು. ಹೊತ್ತಾದಾಗ ತಮ್ಮ ಅಡಿಗೆಮನೆಗೆ ಹೋಗಿ ನೋಡಿದರೆ, ಸಾಮಾನುಗಳೆಲ್ಲ ಅಲ್ಲಿವೆ. ಒಂದೆರಡು ಪದಾರ್ಥ ಒಲೆಯ ಮೇಲಿವೆ. ಹಸಿಯ ತರಕಾರಿಯ ಬಡಿಸಣಿಗೆ ಸಿದ್ಧವಾಗಿಲ್ಲ, ಮಾಂಸವನ್ನು ಒಲೆಗಿಟ್ಟೇ ಇಲ್ಲ. ಆಕೆ ದಣಿದು, ದಿಕ್ಕುತೋಚದೆ ನಿಂತಿದ್ದಾಳೆ. ತಮ್ಮ ಜೊತೆಗೆ ನಿಂತೊಡನೆ ಎಲ್ಲವೂ ಬೇಗನೆ ಮುಗಿಯಿತು. ೧೯೩೫ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆಯಲ್ಲಿ ಬರೆದ ಲೇಖನದಲ್ಲಿ ಪೆನ್‌ಫೀಲ್ಡರು ಇದನ್ನು ದಾಖಲೆ ಮಾಡಿದ್ದಾರೆ. ಅಷ್ಟರಲ್ಲಿ ರೂತ್ ಇರಲಿಲ್ಲ. ಗಡ್ಡೆ ಮರಳಿ, ೧೯೩೧ರಲ್ಲಿ ತೀರಿಕೊಂಡಿದ್ದಳು.

ಇದನ್ನೋದಿ ನಾನು ಪುಸ್ತಕ ಮುಚ್ಚಿಟ್ಟೆ. ಅವರೊಬ್ಬ ತಮ್ಮ, ನಾನೊಬ್ಬ ತಮ್ಮ. ಅಡಿಗೆಮನೆಯ ಬಾಗಿಲಲ್ಲಿ ಇಬ್ಬರೂ ಒಂದೇ ದೃಶ್ಯವನ್ನು ಕಂಡೆವು. ಅವರು ಒಳಗೆ ಹೋಗಿ ಜೊತೆಗೆ ನಿಂತರು. ನಾನು ಬಾಗಿಲಲ್ಲಿಯೇ ನಿಂತು ಬೈದೆ.

ಬುದ್ಧಿವ್ಯಾಪಾರಗಳ ಪುನರಭ್ಯಾಸವೆಂಬ ವಿದ್ಯೆ ಬಹುಮಟ್ಟಿಗೆ ಯುದ್ಧಗಳಲ್ಲಿ ಬೆಳೆದುದು. ಒಂದನೆಯ ಮಹಾಯುದ್ಧದಲ್ಲಿ ತಲೆಗೆ ಗುಂಡು ತಗುಲಿದ ಸಿಪಾಯಿಗಳಿಗಾಗಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಕುರ್ಟ್ ಗೋಲ್ಡ್‌ಸ್ಟೈನರೂ, ಎರಡನೆಯದರಲ್ಲಿ ರಷ್ಯದ ಉರಾಲ್ ಸೀಮೆಯಲ್ಲಿ ಅಲೆಕ್ಸಾಂಡರ್ ಲೂರಿಯರೂ ಕೆಲಸ ಮಾಡಿದರು. ಗಡ್ಡೆಯ ರೋಗಿಗಳ ಸರದಿ ಬಂದುದು ತಡವಾಗಿ. ಬದುಕಿದುದೇ ದೊಡ್ಡದೆಂದು ಎಲ್ಲರೂ ಎಣಿಸಿದುದು ಅದಕ್ಕೆ ಒಂದು ಕಾರಣವಿದ್ದೀತು. ಹಾಲೆಂಡಿನಲ್ಲಿ ಗ್ಲಯೋಮ ಎಂಬ ಗಡ್ಡೆಯಿದ್ದ ೧೪೦ ಮಂದಿಯನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೊಮ್ಮೆಯಂತೆ ಆರು ವಾರ ಶಿಕ್ಷಣ ಕೊಟ್ಟು ನೋಡಿದ ಪರೀಕ್ಷೆಯ ಫಲ ೨೦೦೯ರಲ್ಲಿ ಪ್ರಕಟವಾಯಿತು. ಆರು ತಿಂಗಳ ಮೇಲೆ ಶಿಕ್ಷಣ ಪಡೆದವರ ಅವಧಾನವೂ ಮಾತಿನ ನೆನಪೂ ಉಳಿದವರಿಗಿಂತ ಮೇಲಾಗಿದ್ದುವು. ಮನಸ್ಸಿನ ದಣಿವು ಕಡಮೆಯಾಗಿತ್ತು. ಆ ಶಿಕ್ಷಣದಲ್ಲಿ ಎರಡು ಭಾಗ: ಕುಂದಿದ ಶಕ್ತಿಯನ್ನು ಅಭ್ಯಾಸದಿಂದ ಬಲಪಡಿಸುವುದು ಒಂದು, ಕುಂದನ್ನು ಒಪ್ಪಿಕೊಂಡು ಉಪಾಯದಿಂದ ಕೆಲಸ ಸಾಗಿಸುವುದು ಇನ್ನೊಂದು.

ನಮ್ಮ ಮನೆಯಲ್ಲಿ ಮೊದಲನೆಯದು ಮೊರದಲ್ಲಿ ತೊಡಗಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಇಂಥ ರೋಗಿಗಳಿಗಾಗಿ ರೂಢಿಸಿರುವ ಅಭ್ಯಾಸಗಳಲ್ಲಿ ಕಾಳು ವಿಂಗಡಿಸುವುದೂ ಒಂದು. ಆ ಮನಶ್ಶಾಸ್ತ್ರಜ್ಞೆ ಅದನ್ನೇ ಹೇಳಿಕೊಟ್ಟರು. ಹೆಸರುಕಾಳು, ಅಲಸಂದೆ, ಕಡಲೆ ಮೂರನ್ನೂ ಬೆರಸಿ ಕೊಡಬೇಕು. ಬೇರೆ ಮಾಡಲು ಹಿಡಿದ ಹೊತ್ತನ್ನೂ ಬಿದ್ದ ತಪ್ಪನ್ನೂ ಬರೆದಿಡಬೇಕು. ದಿನಕ್ಕಿಷ್ಟೆಂದು ಕಷ್ಟವನ್ನು ಏರಿಸಬೇಕು. ಮೊದಲ ದಿನ ಒಂದು ಪಾವಿಗೆ ೨೬ ನಿಮಿಷ, ೧೪ ತಪ್ಪು. ಎರಡು ತಿಂಗಳಾಗುವಾಗ ೧೧ ನಿಮಿಷ, ೨ ತಪ್ಪು. ಗಣಿತದ ಮೇಷ್ಟರಿಗೆ ಇದಕ್ಕಿಂತ ಸಂತೋಷವೇನು ಬೇಕು? ನಕ್ಷೆ ಬರೆದು ಗೋಡೆಗೆ ಅಂಟಿಸಿದೆ. ಆದರೆ ಅಡಿಗೆಮನೆಯಲ್ಲಿ ಅಕ್ಕ ಎಂದಿನಂತೆ ನಿಂತೇ ಇದ್ದಳು. ಕಾಳು ಆರಿಸಿದರೆ ಕಾಳು ಆರಿಸುವುದರಲ್ಲಿ ನಿಪುಣತೆ ಬರುವುದು ನಿಶ್ಚಯ. ಅದು ತಾನಾಗಿಯೇ ಹುಳಿಯ ಪಾತ್ರೆಗೆ ಇಳಿದು ಬರುವುದೆಂಬ ಭರವಸೆಯಿಲ್ಲ. ಈ ವಿದ್ಯೆಯಲ್ಲಿ ಎಲ್ಲರನ್ನೂ ಕಾಡುವ ತೊಡಕು ಇದೇ ಎಂದು ಮನಶ್ಶಾಸ್ತ್ರಜ್ಞೆ ಹೇಳಿದರು. ಆದಕಾರಣ, ಅವಧಾನಕ್ಕೆ ಕಾಳು ಇರಲಿ, ಅಡಿಗೆಗೆ ಅಡಿಗೆಯಲ್ಲೇ ಅಭ್ಯಾಸವಾಗಬೇಕು ಎಂದರು.

ಅಷ್ಟು ಹೊತ್ತಿಗೆ ೨೦೨೦ರ ಮಾರ್ಚಿ ಬಂದು ಊರೂರಿಗೆ ಬೀಗ ಬಿದ್ದಿತು. ಬೆಂಗಳೂರಿನ ದಾರಿ ಮುಚ್ಚಿತು; ಉಪದೇಶವೆಲ್ಲ ಫೋನಿನಲ್ಲಿ. ನಾನೇ ಗುರುವಾದೆ, ಅಲ್ಲಿಯೇ ಕೆಟ್ಟಿತು. ಮೇಷ್ಟರ ಚಾಳಿ ಬಿಟ್ಟೀತೆ? ‘ಬೇಳೆ ಬೆಂದಿತು, ಮುಂದೇನು? ಯೋಚಿಸಿ ಹೇಳು’ ಎನ್ನುತ್ತಿದ್ದೆ. ಅವಳು ಒಮ್ಮೆ ಒಗ್ಗರಣೆಯೆಂದಳು, ತಪ್ಪು ಎಂದೆ. ಮರುದಿನ ಮತ್ತೆ ಒಗ್ಗರಣೆಯೆಂದಳು; ಅದರ ಮರುದಿನವೂ ಅದೇ. ಫೋನಿನಲ್ಲಿ ಹೇಳಿಕೊಂಡಾಗ ಆ ಹೆಣ್ಣುಮಗಳು ನಕ್ಕು, ನೆನಪು ಕುಂದಿದವರು ತಪ್ಪು ಹೇಳಿದರೆ ಆ ತಪ್ಪೇ ಅವರಲ್ಲಿ ಉಳಿದುಬಿಡುತ್ತದೆ, ಸರಿಯಾದುದನ್ನು ಮುಂಚೆಯೇ ತೋರಿಸಿ ತಪ್ಪಿಗೆ ಎಡೆಯಿಲ್ಲದಂತೆ ಕಲಿಸಬೇಕು ಎಂದು ತಿಳಿಸಿದರು. ಇಂಗ್ಲೆಂಡಿನ ಅಲನ್ ಬ್ಯಾಡ್ಲಿ, ಬಾರ್ಬರ ವಿಲ್ಸನ್ ಇವರು ೧೯೯೪ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದ್ದಾರೆ. ಮೂವತ್ತೆರಡು ವರ್ಷದ ನನ್ನ ಬೋಧನಕ್ರಮ ಅಕ್ಕನ ಮುಂದೆ ನಪಾಸಾಯಿತು.

ಆಗ ಪಟ್ಟಿ ಬಂದಿತು. ಒಂದು ಹಾಳೆಯಲ್ಲಿ ಮಾಡಬೇಕಾದ ಕೆಲಸಗಳನ್ನು ಹೊತ್ತಿನ ಪ್ರಕಾರ ದಪ್ಪಕ್ಷರದಲ್ಲಿ ಬರೆದು ಒಲೆಯ ಮೇಲುಗಡೆ ಅಂಟಿಸಿದೆ: ಅಕ್ಕಿ ತೊಳೆ, ಬೇಳೆ ಇಡು, ತರಕಾರಿ ಹೆಚ್ಚು. ಮರುದಿನ ಹಾಳೆಯಿರಲಿಲ್ಲ, ಅಕ್ಕ ಹರಿದು ಹಾಕಿದ್ದಳು. ‘ನನ್ನ ಅಡಿಗೆಮನೆಯಲ್ಲಿ ನನಗೇ ಕಾಪಿ ಬರೆಸುತ್ತೀಯೇನೋ?’ ಎಂದಳು. ಶಸ್ತ್ರಕ್ರಿಯೆಯಾದ ಬಳಿಕ ಅವಳ ದನಿಯಲ್ಲಿ ಸಿಟ್ಟನ್ನು ಕೇಳಿದುದು ಅದೇ ಮೊದಲು. ನಾನು ಪೆಚ್ಚಾದೆ, ನನ್ನ ಮನೆಯಾಕೆ ಸಂತೋಷಪಟ್ಟಳು. ‘ನೀವು ಬರೆದುದಕ್ಕೆ ಹರಿದರು. ಅವರೇ ಬರೆಯಲಿ’ ಎಂದು ಹೇಳಿ, ಅಕ್ಕನ ಕೈಗೆ ಪೆನ್ನು ಕೊಟ್ಟು, ತಾನು ಪಕ್ಕದಲ್ಲಿ ಸೊಪ್ಪು ಬಿಡಿಸುತ್ತ ಕುಳಿತಳು. ಅಕ್ಕ ತನ್ನ ಗುಂಡಕ್ಷರದಲ್ಲಿ ಬರೆದಳು. ಮಾಡಿದ ಕೆಲಸಕ್ಕೆ ಗೀಟು ಹಾಕುವುದು. ಪ್ರತಿ ಗೀಟಿನ ಮೇಲೆ ಒಮ್ಮೆ ನಿಂತು, ‘ಇನ್ನೇನು ಉಳಿದಿದೆ?’ ಎಂದು ತನ್ನನ್ನು ತಾನೇ ಕೇಳಿಕೊಳ್ಳುವುದು. ಅರ್ಧ ಗಂಟೆಗೊಮ್ಮೆ ಮೊಬೈಲು ಗಂಟೆ ಹೊಡೆಯುವಂತೆ ಮಾಡಿದೆವು; ಗಂಟೆ ಕೇಳಿದರೆ ಪಟ್ಟಿ ನೋಡಬೇಕು. ಇದೇನೂ ಹುಡುಗಾಟವಲ್ಲ. ಜೇಬಿನ ಪೇಜರಿಗೆ ಹೊತ್ತುಹೊತ್ತಿಗೆ ಕರೆ ಬಂದು ಕೆಲಸವನ್ನು ನೆನಪಿಸುವ ಏರ್ಪಾಡನ್ನು ಇಂಗ್ಲೆಂಡಿನಲ್ಲಿ ೧೪೩ ಮಂದಿಯ ಮೇಲೆ ಪರೀಕ್ಷಿಸಿ, ಅದು ಬಹುಪಾಲು ಮಂದಿಗೆ ಉಪಕಾರಿಯೆಂದು ೨೦೦೧ರಲ್ಲಿ ಪ್ರಕಟಿಸಿದ್ದಾರೆ.

ಇಷ್ಟರಿಂದ ಅಕ್ಕ ಮೊದಲಿನಂತಾದಳೆಂದು ವಾಚಕರು ತಿಳಿಯಬಾರದು. ಎರಡು ಗಂಟೆ ಕೆಲಸ ಮಾಡಿದರೆ ಒಂದು ಗಂಟೆ ಮಲಗಬೇಕು. ಮಿದುಳಿನ ದಣಿವು ಮೈಯ ದಣಿವಿಗಿಂತ ಕ್ರೂರವಾದುದು, ಹೊರಗೆ ಕಾಣುವುದಿಲ್ಲ. ನಾಲ್ಕು ಮಂದಿ ಒಟ್ಟಿಗೆ ಮಾತನಾಡಿದರೆ ಅವಳು ಸುಮ್ಮನಾಗುತ್ತಾಳೆ. ಗುನುಗುವ ದೇವರನಾಮ ಮರಳಿ ಬರಲಿಲ್ಲ. ಹಾಡಿದರೆ ಪಟ್ಟಿ ತಪ್ಪುತ್ತದಂತೆ. ಇನ್ನು ನಮ್ಮ ಕಡೆಯ ಶಿಕ್ಷಣವೂ ಸುಲಭವಲ್ಲ. ಅವಳು ಸೌಟು ಹಿಡಿದು ತಡವರಿಸಿದರೆ ಕೈ ತಾನಾಗಿ ಮುಂದಾಗುತ್ತದೆ. ಪ್ರೀತಿಯಿಂದ ಕಿತ್ತುಕೊಂಡರೂ ಕಿತ್ತುಕೊಂಡಂತೆಯೇ ಅಲ್ಲವೆ? ಯಾವಾಗ ಜೊತೆಗೆ ನಿಲ್ಲಬೇಕು, ಯಾವಾಗ ಹೊರಗೆ ಕೂರಬೇಕು ಎಂಬ ವಿವೇಕ ನನ್ನ ಮನೆಯಾಕೆಗೆ ಬಂದಷ್ಟು ನನಗೆ ಬಂದಿಲ್ಲ.

ಒಂದು ಸಂಜೆ ಧೈರ್ಯ ಮಾಡಿ, ಆ ಹಬ್ಬದ ದಿನ ಆಡಿದ ಮಾತಿಗೆ ಅಕ್ಕನ ಕ್ಷಮೆ ಕೇಳಿದೆ. ಅವಳು ಬಹು ಹೊತ್ತು ಯೋಚಿಸಿ, ‘ನನಗೆ ನೆನಪಿಲ್ಲ ಕಣೋ. ಅಂದಿದ್ದೆಯಾ?’ ಎಂದಳು. ನೆನಪಿಲ್ಲದವಳು ಕ್ಷಮಿಸುವುದಾದರೂ ಏನನ್ನು? ಆ ಸಾಲ ನನ್ನ ಲೆಕ್ಕದಲ್ಲಿಯೇ ಉಳಿಯಿತು. ಅದರ ಬಡ್ಡಿಯೆಂದೇ ಈ ಲೇಖನವನ್ನು ಬರೆಯುತ್ತಿರುವುದು. ಮಿದುಳಿಗೆ ಶಸ್ತ್ರಕ್ರಿಯೆಯಾದವರೊಬ್ಬರು ನಿಮ್ಮ ಮನೆಗೆ ಹಿಂದಿರುಗುವುದಾದರೆ, ಗಾಯದ ವಿಷಯವನ್ನು ಕೇಳುವಾಗಲೇ, ನೆನಪು, ಅವಧಾನ, ತೊಡಗುವ ಶಕ್ತಿ ಇವುಗಳ ಪರೀಕ್ಷೆ ಎಲ್ಲಿ ಆದೀತು ಎಂದು ಕೇಳಿ. ಸೋಮಾರಿತನವೆಂಬ ಮಾತನ್ನು ಅದಾದ ಮೇಲೆ ಆಡಬೇಕೆನಿಸಿದರೆ ಆಡಬಹುದು.

೨೦೨೩ರ ಗೌರಿಹಬ್ಬಕ್ಕೆ ನಲವತ್ತರ ಬದಲು ಹನ್ನೆರಡು ಎಲೆ ಎಂದು ಗೊತ್ತುಮಾಡಿದೆವು. ಹಿಂದಿನ ರಾತ್ರಿಯೇ ಅಕ್ಕ ಪಟ್ಟಿ ಬರೆದಳು. ನನಗೆ ಅಡಿಗೆಮನೆಗೆ ಪ್ರವೇಶವಿಲ್ಲವೆಂದು ಕಟ್ಟಪ್ಪಣೆಯಾಯಿತು. ಒಂಬತ್ತು ಗಂಟೆಗೆ ನೀರು ಕುಡಿಯುವ ನೆಪದಿಂದ ಇಣುಕಿದೆ. ಕೋಸಂಬರಿಯ ಹೆಸರುಬೇಳೆ ಡಬ್ಬಿಯಲ್ಲಿಯೇ ಇತ್ತು, ನೆನೆಹಾಕಿರಲಿಲ್ಲ. ಹೇಳಲು ಬಾಯಿ ತೆರೆದೆ; ಮನೆಯಾಕೆ ಕಣ್ಣಲ್ಲಿಯೇ ತಡೆದಳು. ಹೊರಗೆ ಬಂದು ಕುಳಿತು ಪತ್ರಿಕೆಯ ಒಂದೇ ಪುಟವನ್ನು ಎರಡು ಗಂಟೆ ಓದಿದೆ. ಹನ್ನೊಂದೂಕಾಲಿಗೆ ಅಕ್ಕ ಪಟ್ಟಿಯನ್ನು ಹಿಡಿದುಕೊಂಡು ನಡುಮನೆಗೆ ಬಂದಳು. ‘ಬೇಳೆ ನೆನೆದಿಲ್ಲ ಕಣೋ’ ಎಂದಳು. ನಾನು ಸುಮ್ಮನಿದ್ದೆ. ‘ಬಿಸಿನೀರಿಗೆ ಹಾಕಿದ್ದೇನೆ, ಒಂದೂವರೆ ಗಂಟೆ ಬೇಕಾದೀತು. ಹನ್ನೆರಡೂವರೆ ಬೇಡ, ಒಂದು ಗಂಟೆಗೆ ಎಲೆ ಹಾಕೋಣ. ಆಂಬೊಡೆ ಆಮೇಲೆ ಕರಿಯುತ್ತೇನೆ’ ಎಂದು ಹೇಳಿ, ಬರೆದಿದ್ದ ಹೊತ್ತನ್ನು ಹೊಡೆದು ಹೊಸದನ್ನು ಬರೆದುಕೊಂಡು ಒಳಗೆ ಹೋದಳು.

ಎಲೆ ಬಿದ್ದುದು ಒಂದು ಗಂಟೆ ಹತ್ತು ನಿಮಿಷಕ್ಕೆ. ಕೋಸಂಬರಿಗೆ ಉಪ್ಪು ಸ್ವಲ್ಪ ಮುಂದಾಗಿತ್ತು. ನಾನು ಎರಡು ಸಲ ಹಾಕಿಸಿಕೊಂಡೆ.